ಕೇಳುವ ಮನೆಯ ನೀರು

ಮದ್ದೂರು ಹತ್ತಿರದ ಕೊಪ್ಪದ ಜಯಪ್ರಕಾಶನ ಕಿವಿ ಎಲ್ಲರ ಕಿವಿಯಂಥದ್ದಲ್ಲ ಎಂಬುದು ಊರಿನಲ್ಲಿ ಇಬ್ಬರಿಗೆ ಖಚಿತವಾಗಿ ಗೊತ್ತಿತ್ತು. ಒಬ್ಬ ಸ್ವತಃ ಜಯಪ್ರಕಾಶ. ಇನ್ನೊಬ್ಬಳು ಅವನ ಹೆಂಡತಿ ಪುಷ್ಪಾ. ಆಂಪ್ಲಿಫೈಯರಿನ ಒಳಗೆ ಒಂದು ಸ್ಕ್ರೂ ಸಡಿಲವಾಗಿದ್ದರೆ ಪಡಸಾಲೆಯಲ್ಲಿ ಕೂತೇ ಹೇಳಿಬಿಡುವ ಆ ಕಿವಿಗೆ, ಒಲೆ ಮೇಲೆ ಹಾಲು ಉಕ್ಕುತ್ತಿದೆ ಇಳಿಸಿ ಎಂದು ಹಿತ್ತಲಿನಿಂದ ಎಷ್ಟು ಕೂಗಿದರೂ ಕೇಳಿಸುತ್ತಿರಲಿಲ್ಲ. ಪುಷ್ಪಾಳಿಗೆ ಅಷ್ಟು ಪುರಾವೆ ಸಾಕಾಗಿತ್ತು.

ಜಯಪ್ರಕಾಶ ಮದ್ದೂರಿನ ಒಂದು ಸಹಕಾರ ಸಂಘದಲ್ಲಿ ಗುಮಾಸ್ತ. ಅದು ಹೊಟ್ಟೆಪಾಡು. ಅವನೇ ಹೇಳಿಕೊಳ್ಳುತ್ತಿದ್ದ ಪ್ರಕಾರ ಅವನ ನಿಜವಾದ ಉದ್ಯೋಗ ವಿಮರ್ಶೆ. ಪುಸ್ತಕದ ವಿಮರ್ಶೆಯಲ್ಲ, ಹಾಡಿನದೂ ಅಲ್ಲ. ಹಾಡು ಕೇಳಿಸುವ ಪೆಟ್ಟಿಗೆಗಳ ವಿಮರ್ಶೆ. ಮಂಡ್ಯದಲ್ಲಿ ಆಡಿಯೋ ಅಂಗಡಿ ಇಟ್ಟಿದ್ದ ಮಾದಯ್ಯ ಹೊಸದಾಗಿ ಬಂದ ಸ್ಪೀಕರನ್ನೋ ಆಂಪ್ಲಿಫೈಯರನ್ನೋ ಕೆಲವು ದಿನದ ಮಟ್ಟಿಗೆ ಇವನಿಗೆ ಕೊಡುತ್ತಿದ್ದ. ಇವನು ಅದನ್ನು ಕೇಳಿ, ಅಂತರ್ಜಾಲದಲ್ಲಿ ಉದ್ದುದ್ದ ಬರೆಯುತ್ತಿದ್ದ. ಓದುವವರು ಎಷ್ಟು ಮಂದಿ ಎಂಬ ಮಾತು ಬೇಡ. ಮಾದಯ್ಯ ಓದುತ್ತಿದ್ದ. ಮಾದಯ್ಯನ ಮಗಳೂ ಓದುತ್ತಿದ್ದಳಂತೆ, ಕಾಗುಣಿತದ ತಪ್ಪು ಹುಡುಕುವುದಕ್ಕೆ.

ಬೇರೆ ವಿಮರ್ಶಕರು ಸ್ಪೀಕರಿನ ಮುಂದೆ ಕುರ್ಚಿ ಹಾಕಿಕೊಂಡು ಕೇಳುತ್ತಾರೆ. ಜಯಪ್ರಕಾಶನಿಗೆ ಇದು ಸೋಮಾರಿಗಳ ಕೆಲಸವಾಗಿ ಕಾಣುತ್ತಿತ್ತು. ಅವನದು ಪ್ರಯೋಗಮಾರ್ಗ. ಮಂಚದ ಕೆಳಗೆ ಅಂಗಾತ ಮಲಗಿ ಕೇಳಿದ್ದ. ತಲೆಗೆ ಒದ್ದೆ ಟವಲು ಸುತ್ತಿಕೊಂಡು ಕೇಳಿದ್ದ. ತಗ್ಗಿನ ಸ್ವರ ಅರ್ಧಕ್ಕರ್ಧ ಅಂಗಾಲಿನ ಮೂಲಕವೇ ಒಳಗೆ ಬರುತ್ತದೆ ಎಂದು ತೀರ್ಮಾನಿಸಿ, ಬಕೆಟ್ಟಿನ ನೀರಿನಲ್ಲಿ ಕಾಲಿಟ್ಟು ಕೂರುವುದನ್ನು ರೂಢಿ ಮಾಡಿಕೊಂಡಿದ್ದ. ಒಮ್ಮೆ ರಾಗಿ ತುಂಬಿಡುತ್ತಿದ್ದ, ಅಜ್ಜಿಯ ಕಾಲದ ಆಳೆತ್ತರದ ಮಣ್ಣಿನ ವಾಡೆಯೊಳಗೆ ಸ್ಪೀಕರು ಇಟ್ಟು ನೋಡಿದ; ಹಾಡುತ್ತಿದ್ದ ಹೆಂಗಸು ಗಂಡಸಾದಳು. ಹಾಗಾದರೆ ಸ್ಪೀಕರು ಹೊರಗಿರಲಿ, ಕೇಳುಗ ಒಳಗಿರಲಿ ಎಂದು ತಾನೇ ವಾಡೆಯೊಳಗೆ ಇಳಿದ. ಧ್ವನಿ ಅದ್ಭುತವಾಗಿತ್ತಂತೆ. ಹೊರಗೆ ಬರಲು ಮಾತ್ರ ಆಗಲಿಲ್ಲ. ಪಕ್ಕದ ಮನೆಯ ಪುಟ್ಟರಾಜು ಬಂದು ವಾಡೆಯನ್ನು ಮಗುಚಿ, ಕಾಲು ಹಿಡಿದು ಎಳೆದ.

ಇಷ್ಟೆಲ್ಲ ನಡೆಯುತ್ತಿದ್ದುದು ಮನೆಯ ಮುಂಭಾಗದಲ್ಲಿದ್ದ ಹಳೆಯ ಉಗ್ರಾಣದಲ್ಲಿ. ರಾಗಿ ಮೂಟೆಗಳನ್ನು ಹೊರಗೆ ಹಾಕಿ, ಗೋಡೆಗೆ ತೌಡಿನ ಚೀಲಗಳನ್ನು ಒರಗಿಸಿ, ಬಾಗಿಲ ಮೇಲೆ ತಾನೇ ಬಣ್ಣದಲ್ಲಿ ಬರೆದ ಬೋರ್ಡು ತೂಗು ಹಾಕಿದ್ದ: “ಕೇಳುವ ಮನೆ. ದಯವಿಟ್ಟು ಮೌನ.”

ಕೇಳುವ ಮನೆಗೆ ಒಂದೇ ಒಂದು ಶತ್ರು ಇತ್ತು. ಅದರ ಹೆಸರು ಗುಂಯ್.

ಜಯಪ್ರಕಾಶನ ತಂದೆ ಮಳವಳ್ಳಿ ತಾಲ್ಲೂಕಿನ ಬ್ಲಫ್‌ನಲ್ಲಿ, ಕರೆಂಟು ತಯಾರಾಗುವ ಕಡೆ ಕೆಲಸದಲ್ಲಿದ್ದವರು. ಹಗಲಿರುಳು ಯಂತ್ರಗಳ ಗುಂಯ್‌ಗುಡುವಿಕೆಯ ನಡುವೆ ಹುಟ್ಟಿ ಬೆಳೆದ ಮಗನಿಗೆ ಆ ಶಬ್ದ ಎಷ್ಟು ಸಣ್ಣದಾಗಿದ್ದರೂ ಗುರುತು ಸಿಗುತ್ತಿತ್ತು. ಕೊಪ್ಪದಲ್ಲೋ, ತ್ರೀಫೇಸ್ ಕರೆಂಟು ಬಂತೆಂದರೆ ಸುತ್ತಲಿನ ಗದ್ದೆಗಳ ಪಂಪ್‌ಸೆಟ್ಟೆಲ್ಲ ಒಟ್ಟಿಗೆ ಹೊರಡುತ್ತಿದ್ದವು. ಆ ಅದುರು ನೆಲದೊಳಗಿನಿಂದ ಹರಿದು ಬಂದು, ರೆಕಾರ್ಡಿನ ಮೇಲೆ ಓಡುವ ಮುಳ್ಳಿಗೆ ತಗುಲಿ, ಕೊಳಲಿನ ಹಿಂದೆ ಗುಂಯ್ ಎನ್ನುತ್ತಿತ್ತು. ಅಷ್ಟರಲ್ಲಿ ಮಾದಯ್ಯ ಒಂದು ಭಾರಿ ಆಂಪ್ಲಿಫೈಯರ್ ಕಳಿಸಿದ. ಅದರ ಹೆಮ್ಮೆಯಲ್ಲಿ ಜಯಪ್ರಕಾಶ ಓದುಗರಿಗೆ ಮಾತು ಕೊಟ್ಟುಬಿಟ್ಟ: ಮುಂದಿನ ವಿಮರ್ಶೆಯನ್ನು ಕೊಪ್ಪದ ಅತ್ಯಂತ ನಿಶ್ಶಬ್ದವಾದ ನೆಲದ ಮೇಲೆ ಕೂತು ಬರೆಯಲಾಗುವುದು.

ಮಾತು ಕೊಟ್ಟಮೇಲೆ ಆ ನೆಲವನ್ನು ಹುಡುಕಬೇಕಲ್ಲ. ಒಂದು ಕಬ್ಬಿಣದ ಸಲಾಕೆಯ ತಲೆಗೆ ಸೈಕಲ್ ಟ್ಯೂಬಿನಿಂದ ಪುಟ್ಟ ಮೈಕು ಕಟ್ಟಿದ. ಅದರ ವೈರನ್ನು ಹೆಡ್‌ಫೋನಿಗೆ ಸೇರಿಸಿದ. ಒಂದು ಭಾನುವಾರ ಬೆಳಿಗ್ಗೆ ಸಲಾಕೆ ಹಿಡಿದು ಊರ ಹೊರಗೆ ಹೊರಟ. ಹತ್ತು ಹೆಜ್ಜೆಗೊಮ್ಮೆ ಸಲಾಕೆಯನ್ನು ನೆಲಕ್ಕೆ ಚುಚ್ಚುವುದು, ಕಣ್ಣು ಮುಚ್ಚಿ ನಿಲ್ಲುವುದು, ತಲೆ ಆಡಿಸುವುದು, ಕಿತ್ತುಕೊಂಡು ಮುಂದಕ್ಕೆ ಹೋಗುವುದು. ಕಬ್ಬಿಗೆ ನೀರು ಕಟ್ಟುತ್ತಿದ್ದವರು ಗುದ್ದಲಿ ಊರಿಕೊಂಡು ನೋಡಿದರು. ಹುಲ್ಲಿನ ಹೊರೆ ಹೊತ್ತ ಹೆಂಗಸರು ದಾರಿ ಬಿಟ್ಟು ನಿಂತರು.

ಕೊನೆಗೆ ಪುಟ್ಟರಾಜುವಿನ ಹೊಲದ ಮೂಲೆಯಲ್ಲಿ, ಹೊಂಗೆ ಮರದ ಪಕ್ಕದಲ್ಲಿ, ಸಲಾಕೆ ಚುಚ್ಚಿದವನು ಹಾಗೇ ನಿಂತುಬಿಟ್ಟ. ಮುಖ ಅರಳಿತು. ಗುಂಯ್ ಇಲ್ಲ! ಪುಟ್ಟರಾಜು ಆಗ ಬದುವಿನ ಮೇಲೆ ಕೂತು ಬೀಡಿ ಸೇದುತ್ತಿದ್ದ. ಆ ಹೊಲದಲ್ಲಿ ಅವನು ಹಿಂದೆ ಎರಡು ಬೋರು ಕೊರೆಸಿ, ಎರಡರಲ್ಲೂ ಬಿಳಿ ಧೂಳು ಮಾತ್ರ ಕಂಡವನು. ಇದನ್ನು ನೋಡಿದವನೇ ಬೀಡಿ ಎಸೆದು ಓಡಿ ಬಂದ.

“ಸಿಕ್ತಾ ಪ್ರಕಾಸಣ್ಣ?”

ಜಯಪ್ರಕಾಶ ಹೆಡ್‌ಫೋನನ್ನು ಕತ್ತಿಗೆ ಇಳಿಸಿದ. ತನ್ನ ಹುಡುಕಾಟದ ಬಗ್ಗೆ ನೆರೆಯವನಿಗೆ ಗೊತ್ತಿರುವುದು ಅವನಿಗೆ ಖುಷಿಯಾಯಿತು. “ಸಿಕ್ತು ಕಣೋ! ಊರೆಲ್ಲ ಸುತ್ತಿದೆ, ಎಲ್ಲೂ ಸಿಗ್ಲಿಲ್ಲ. ಇದೇ ಪಾಯಿಂಟು!”

ಪುಟ್ಟರಾಜು ಬಗ್ಗಿ ಸಲಾಕೆಯ ಬುಡ ನೋಡಿದ. “ಎಂಗದೆ?”

“ಹೆಂಗದೆ ಅಂತ ಏನು ಹೇಳ್ಲಿ? ತಿಳಿ ಅಂದ್ರೆ ತಿಳಿ. ಒಂಚೂರು ಕಲ್ಮಷ ಇಲ್ಲ.”

“ಆಳ?”

“ಆಳಕ್ಕೇನು, ಎಷ್ಟು ಬೇಕಾದ್ರೂ ಇಳೀತದೆ. ಇಂಥ ಆಳ ನಾನು ಎಲ್ಲೂ ಕಂಡಿಲ್ಲ.”

“ಅರಿವು?”

ಪುಟ್ಟರಾಜು ಕೇಳಿದ್ದು ನೀರಿನ ಹರಿವು. ಈ ಕಡೆ ಹಕಾರ ಯಾರ ನಾಲಿಗೆಯ ಮೇಲೂ ಹೆಚ್ಚು ಹೊತ್ತು ನಿಲ್ಲುವುದಿಲ್ಲವಾದ್ದರಿಂದ, ಜಯಪ್ರಕಾಶನಿಗೆ ಕೇಳಿಸಿದ್ದು ಅರಿವು. ಹೊಲದಲ್ಲಿ ನಿಂತು ಒಬ್ಬ ರೈತ ಅರಿವಿನ ಬಗ್ಗೆ ಪ್ರಶ್ನೆ ಕೇಳುತ್ತಾನಲ್ಲ ಎಂದು ಅವನು ಪುಟ್ಟರಾಜುವಿನ ಹೆಗಲ ಮೇಲೆ ಕೈ ಇಟ್ಟ.

“ಅರಿವು ಅನ್ನೋದು ಒಂದಿನಕ್ಕೆ ಬಂದು ನಿಂತುಹೋಗೋದಲ್ಲ ಪುಟ್ಟರಾಜು. ಇಪ್ಪತ್ತು ವರ್ಷ ಆದ್ರೂ ಬರ್ತಾನೇ ಇರ್ತದೆ.”

“ಇಪ್ಪತ್ತು ವರ್ಸ!” ಎಂದು ಪುಟ್ಟರಾಜು ಹೊಂಗೆ ಮರವನ್ನು ಹಿಡಿದುಕೊಂಡ.

ಜಯಪ್ರಕಾಶ ಅತ್ತಿತ್ತ ನೋಡಿ ದನಿ ತಗ್ಗಿಸಿದ. “ಒಂದು ಉಪಕಾರ ಮಾಡು. ಈ ಮೂಲೆ ನಂಗೆ ಕೊಟ್ಬುಡು. ಒಂದು ಸಣ್ಣ ರೂಮು ಹಾಕ್ಕೋತೀನಿ. ಯಾರಿಗೂ ಹೇಳ್ಬೇಡ. ಜನ ಬಂದು ಗಲಾಟೆ ಮಾಡಿದ್ರೆ ಇದು ಹೊರಟೋಗ್ತದೆ.”

ರೂಮು ಎಂದರೆ ಪಂಪ್‌ಹೌಸು ಎಂಬುದು ಹೊಳೆಯದಷ್ಟು ದಡ್ಡನಲ್ಲ ಪುಟ್ಟರಾಜು. ತನ್ನ ಹೊಲದ ನೀರಿನ ಮೇಲೆ ಪಕ್ಕದ ಮನೆಯವನ ಕಣ್ಣು! ಆ ಸಂಜೆಯೇ ಅವನು ಬೋರ್ ಲಾರಿಯವರನ್ನು ಹುಡುಕಿಕೊಂಡು ಮದ್ದೂರಿಗೆ ಹೋದ.

ಮೂರನೆಯ ದಿನ ಬೆಳಿಗ್ಗೆ ಜಯಪ್ರಕಾಶ ಕತ್ತಿನಲ್ಲಿ ಹೆಡ್‌ಫೋನು ತೂಗಿಸಿಕೊಂಡು, ಬಕೆಟ್ಟಿನಲ್ಲಿ ಕಾಲಿಟ್ಟು, ಹೊಸ ಆಂಪ್ಲಿಫೈಯರಿನಲ್ಲಿ ಕೊಳಲಿನ ರೆಕಾರ್ಡು ಹಾಕಿ ಕೂತಿದ್ದ. ಇದ್ದಕ್ಕಿದ್ದಂತೆ ಮುಳ್ಳು ರೆಕಾರ್ಡಿನ ಆ ತುದಿಯಿಂದ ಈ ತುದಿಗೆ ಎಗರಿತು. ತೌಡಿನ ಚೀಲಗಳು ಉದುರಿದವು. ಭೂಕಂಪ ಎಂದುಕೊಂಡು ಹೊರಗೆ ಓಡಿದರೆ ಊರು ನೆಟ್ಟಗಿದೆ. ಸದ್ದು ಹೊಲದ ಕಡೆಯಿಂದ ಬರುತ್ತಿದೆ. ಒದ್ದೆ ಕಾಲಿನಲ್ಲೇ ಓಡಿದ.

ಹೊಂಗೆ ಮರದ ಪಕ್ಕದಲ್ಲಿ ಬೋರ್ ಲಾರಿ ನಿಂತಿತ್ತು. ಅವನು ಹುಡುಕಿ ಹುಡುಕಿ ಕಂಡುಕೊಂಡ ನಿಶ್ಶಬ್ದದ ನಟ್ಟನಡುವೆ ಕಬ್ಬಿಣದ ಪೈಪು ಗಡಗಡನೆ ಇಳಿಯುತ್ತಿತ್ತು. ಸುತ್ತ ಅರ್ಧ ಊರು ನೆರೆದಿತ್ತು.

“ನಿಲ್ಸಿ! ನಿಲ್ಸಿ! ಹಾಳಾಗೋಯ್ತದೆ!” ಎಂದು ಜಯಪ್ರಕಾಶ ಎರಡೂ ಕೈ ಎತ್ತಿ ಕೂಗಿದ. ಗಾಬರಿಯಲ್ಲಿ ಅವನಿಗೂ ಊರ ನಾಲಿಗೆಯೇ ಬಂದಿತ್ತು.

ಪುಟ್ಟರಾಜು ಅಡ್ಡ ಬಂದ. “ಪಾಯಿಂಟು ನಿಂದಿರಬೋದು ಪ್ರಕಾಸಣ್ಣ, ಬೂಮಿ ನಂದು!”

“ಭೂಮಿ ನಿಂದೇ ಕಣಯ್ಯ, ಯಾರು ಬೇಡ ಅಂದ್ರು? ಕೆಳಗಿರೋದನ್ನ ಹಾಳು ಮಾಡ್ತಿದೀಯಲ್ಲ!”

“ನೋಡ್ದ್ರಾ, ನೋಡ್ದ್ರಾ,” ಎಂದ ಪುಟ್ಟರಾಜು ಜನರ ಕಡೆ ತಿರುಗಿ. “ಕೆಳಗದೆ ಅಂತ ಅವ್ನ ಬಾಯಲ್ಲೇ ಬಂತು!”

ಅದೇ ಹೊತ್ತಿಗೆ ಕೆಳಗಿರುವುದು ಮೇಲೆ ಬಂತು. ಮೊದಲು ಧೂಳು, ಆಮೇಲೆ ಕೆಸರು, ಆಮೇಲೆ ಮರದೆತ್ತರ ನೀರು. ಜನ ಕೇಕೆ ಹಾಕಿದರು. ತೊಪ್ಪೆಯಾಗಿ ನಿಂತಿದ್ದ ಜಯಪ್ರಕಾಶನನ್ನು ಪುಟ್ಟರಾಜು ಗಟ್ಟಿಯಾಗಿ ತಬ್ಬಿಕೊಂಡು ಅತ್ತ. ಇವನೂ ಅತ್ತ. ಇಬ್ಬರೂ ಬೇರೆ ಬೇರೆ ಕಾರಣಕ್ಕೆ ಅಳುತ್ತಿದ್ದಾರೆಂದು ಅಲ್ಲಿ ಯಾರಿಗೂ ತೋರಲಿಲ್ಲ. ಯಾರೋ ಅವನ ಕೊರಳಿಗೆ ಹಾರ ಹಾಕಿದರು. ಹೆಡ್‌ಫೋನು ಅಡ್ಡವಾಯಿತು; ಅದರ ಮೇಲೆಯೇ ಹಾಕಿದರು.

ಮರುದಿನದಿಂದ ಮನೆಗೆ ಜನ ಬರಲಾರಂಭಿಸಿದರು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ಕೇಳುವುದು ಎಂದರೆ ಕಿವಿಯಿಂದ ಕೇಳುವುದೂ ಹೌದು, ಬಾಯಿಂದ ಕೇಳುವುದೂ ಹೌದು. ದೇವರನ್ನು ಕೇಳುತ್ತಾರೆ, ಶಾಸ್ತ್ರ ಕೇಳುತ್ತಾರೆ, ಕಳೆದುಹೋದ ಕರು ಯಾವ ದಿಕ್ಕಿಗೆ ಹೋಯಿತೆಂದು ಕೇಳುತ್ತಾರೆ. ಬಾಗಿಲ ಮೇಲೆ “ಕೇಳುವ ಮನೆ” ಎಂಬ ಬೋರ್ಡು ಇದ್ದಮೇಲೆ ಬಂದವರಿಗೆ ಇನ್ಯಾವ ಅನುಮಾನ? ಚಪ್ಪಲಿ ಹೊರಗೆ ಬಿಟ್ಟು, ಬೋರ್ಡಿಗೆ ಕೈ ಮುಗಿದು, ಅದು ಹೇಳಿದಂತೆಯೇ ಮೌನವಾಗಿ ಕಾದರು.

ಜಯಪ್ರಕಾಶ ಕಿಟಕಿಯಿಂದ ನೋಡಿ ದಂಗಾದ. “ಪುಷ್ಪಾ, ನನ್ನ ಓದುಗರು! ಇಷ್ಟು ದಿನ ಎಲ್ಲಿದ್ರು ಇವರೆಲ್ಲ?”

“ಎಲ್ಲಿದ್ರೋ. ಈಗ ಎಲ್ಲಾರ್ಗೂ ಟೀ ಕಾಯ್ಸೋಳು ನಾನು,” ಎಂದಳು ಪುಷ್ಪಾ.

ಎಲ್ಲರಿಗಿಂತ ಮುಂದೆ ಇದ್ದವಳು ಮೇಲಿನ ಬೀದಿಯ ಮರಿತಾಯಮ್ಮ. “ಕೇಳಕ್ಕೆ ಬಂದಿವ್ನಿ ಕಣಪ್ಪ,” ಎಂದಳು. ಜಯಪ್ರಕಾಶ ಆಕೆಯನ್ನು ಕೈಹಿಡಿದು ಒಳಗೆ ಕರೆತಂದು, ಕುರ್ಚಿಯಲ್ಲಿ ಕೂರಿಸಿ, ಕಾಲನ್ನು ಬಕೆಟ್ಟಿನಲ್ಲಿ ಇಡಿಸಿ, ಕೊಳಲು ಹಾಕಿದ. ಪಾದ ತೊಳೆಸಿದ್ದು ನೋಡಿ ಮರಿತಾಯಮ್ಮನ ಭಕ್ತಿ ಇಮ್ಮಡಿಯಾಯಿತು. ರೆಕಾರ್ಡು ಮುಗಿಯುವವರೆಗೆ ಕೈ ಮುಗಿದು ಕೂತಿದ್ದಳು.

“ಈಗ ಯೋಳಪ್ಪ,” ಎಂದಳು.

“ನಾನಲ್ಲ ಹೇಳೋದು. ನೀವು ಹೇಳ್ಬೇಕು. ಏನು ಕೇಳಿಸ್ತು?”

ಮರಿತಾಯಮ್ಮ ಯೋಚಿಸಿದಳು. “ಈ ಕಡಿಂದೊಬ್ಬ, ಆ ಕಡಿಂದೊಬ್ಬ ಊದ್ದಂಗಾಯ್ತು.”

“ಆಹಾ! ಎಡ ಬಲ ಎರಡೂ ಸ್ಪಷ್ಟ! ಮತ್ತೆ ನಡುವೆ?”

“ನಡುವೆ ಯಾರೋ ಮೆತ್ತಗೆ ಬಂದು ಕುಂತಂಗಾಯ್ತು.”

“ಅದೇ ಕಣಮ್ಮ, ಅದೇ! ನಡುವೆ ಇದೆಯಲ್ಲ, ಅದೇ ನಮಗೆ ಬೇಕಾದ್ದು!” ಎಂದು ಜಯಪ್ರಕಾಶ ಎದ್ದು ಕುಣಿದಾಡಿದ. ಇಷ್ಟು ಚೆನ್ನಾಗಿ ಕೇಳಿಸಿಕೊಂಡವರನ್ನು ಅವನು ಮಂಡ್ಯದಲ್ಲೂ ಕಂಡಿರಲಿಲ್ಲ.

ಮರಿತಾಯಮ್ಮ ನೇರ ತನ್ನ ಹೊಲಕ್ಕೆ ಹೋಗಿ, ಈ ಕಡೆಯ ಬೇವಿನ ಮರಕ್ಕೂ ಆ ಕಡೆಯ ಬೇವಿನ ಮರಕ್ಕೂ ನಟ್ಟನಡುವೆ ಕಲ್ಲು ನೆಡಿಸಿದಳು. ಅವಳ ಮಗ ಅಲ್ಲೇ ಕೊರೆಸಿದ. ನೀರು ಬಂತು. ಅವರದು ನಾಲೆ ಬಗಲಿನ ನೆಲ, ಎಲ್ಲಿ ಕೊರೆದರೂ ಬರುತ್ತಿತ್ತೋ ಏನೋ; ಆದರೆ ಆ ಮಾತನ್ನು ಬಾಯಿಬಿಟ್ಟು ಆಡುವ ಧೈರ್ಯ ಆಗ ಕೊಪ್ಪದಲ್ಲಿ ಯಾರಿಗೂ ಇರಲಿಲ್ಲ.

ಆ ವಾರ ಕಳೆಯುವಷ್ಟರಲ್ಲಿ ಕೇಳುವ ಮನೆಯ ಮುಂದೆ ಟ್ರ್ಯಾಕ್ಟರುಗಳು ನಿಂತವು. ಜಯಪ್ರಕಾಶ ಸಂಘಕ್ಕೆ ರಜೆ ಹಾಕಿ, ಬಂದವರಿಗೆಲ್ಲ ಕೇಳಿಸಿದ. ಅವನು “ಇದು ಸ್ವಲ್ಪ ಒಣಕಲು” ಎಂದರೆ ಬಂದವರ ಮುಖ ಬಾಡುತ್ತಿತ್ತು. “ಇದು ಗಟ್ಟಿ, ಬಂಡೆ ಇದ್ದ ಹಾಗೆ” ಎಂದರೆ ಎದ್ದೇ ಹೋಗುತ್ತಿದ್ದರು. ಎಂಥ ಸೂಕ್ಷ್ಮ ಮನಸ್ಸಿನ ಜನ ಎಂದುಕೊಂಡ.

ಕೊನೆಗೆ ಪುಷ್ಪಾ ಟೀ ಲೋಟಗಳ ತಟ್ಟೆಯನ್ನು ಆಂಪ್ಲಿಫೈಯರಿನ ಮೇಲೇ ಕುಕ್ಕಿದಳು.

“ರೀ, ಇವ್ರು ಬಂದಿರೋದು ಹಾಡು ಕೇಳಕ್ಕಲ್ಲ ಕಣ್ರೀ. ನೀರು ಕೇಳಕ್ಕೆ. ಎಲ್ಲಿ ಬೋರ್ ಕೊರ್ಸ್ಬೇಕು ಅಂತ.”

“ನನ್ನನ್ಯಾಕೆ ಕೇಳ್ತಾರೆ?”

“ನೀವು ಪುಟ್ಟರಾಜೂಗೆ ಪಾಯಿಂಟು ತೋರಿಸ್ಲಿಲ್ವಾ?”

“ಅದು ನಿಶ್ಶಬ್ದದ ಪಾಯಿಂಟು!”

“ಅದ್ರಲ್ಲಿ ಈಗ ಕಬ್ಬು ಬೆಳೀತಾವ್ನೆ,” ಎಂದು ಹೇಳಿ ಪುಷ್ಪಾ ಒಳಗೆ ಹೋದಳು.

ಜಯಪ್ರಕಾಶ ಆಂಪ್ಲಿಫೈಯರಿನ ಮೇಲಿನ ತಟ್ಟೆಯನ್ನು ಕೆಳಗಿಳಿಸಿದ. ಓದುಗರು ಹೋದರಲ್ಲ ಎಂಬ ದುಃಖ ಒಂದು ಕಡೆ. ಬಾರದ ವಿದ್ಯೆಗೆ ಹಾರ ಹಾಕಿಸಿಕೊಂಡೆನಲ್ಲ ಎಂಬ ನಾಚಿಕೆ ಇನ್ನೊಂದು ಕಡೆ. ಆಮೇಲೆ ಹೊರಗೆ ಬಂದು, ಜಗಲಿಯ ಮೇಲೆ ನಿಂತು, ಇದ್ದವರಿಗೆಲ್ಲ ಕೇಳುವಂತೆ ಹೇಳಿದ: “ನನಗೆ ನೀರಿನ ವಿಷಯ ಏನೇನೂ ಗೊತ್ತಿಲ್ಲ. ದಯವಿಟ್ಟು ಎಲ್ಲರೂ ಮನೆಗೆ ಹೋಗಿ.”

ಜನ ಒಬ್ಬರ ಮುಖ ಒಬ್ಬರು ನೋಡಿದರು. “ವಿದ್ಯೆ ಇರೋರು ಇಂಗೇ ಕಣ್ಲಾ,” ಎಂದರು ಒಬ್ಬರು. “ನಂಗೊತ್ತು ಅಂತ ಯಾವತ್ತೂ ಯೋಳಕಿಲ್ಲ.” ಸಾಲು ಇನ್ನಷ್ಟು ಉದ್ದವಾಯಿತು.

ಸುದ್ದಿ ಮಂಡ್ಯದ ಪಕ್ಕದ ಹೊಳಲಿಗೂ ಮುಟ್ಟಿತು. ಅಲ್ಲಿಂದ ಪುಷ್ಪಾಳ ತಮ್ಮ ಅಂಕಯ್ಯ ಬೈಕು ಹತ್ತಿ ಬಂದ. “ಊರೋರ್ಗೆಲ್ಲ ತೋರ್ಸ್ತೀರಿ ಬಾವ, ಸ್ವಂತ ಬಾಮೈದುನಂಗೆ ಗೊತ್ತಿಲ್ಲ ಅಂತೀರಾ? ನಮ್ಮಕ್ಕನ ಕೊಟ್ಟಿಲ್ವಾ ನಿಮ್ಗೆ?” ಎಂದು ಭಾವನನ್ನೂ ಸಲಾಕೆಯನ್ನೂ ಬೈಕಿನ ಹಿಂದೆ ಕೂರಿಸಿಕೊಂಡು ಹೊರಟೇಬಿಟ್ಟ. ಹೊಳಲಿನ ಹೊಲದಲ್ಲಿ, ನೆಂಟರಿಷ್ಟರ ಮುಂದೆ, ಜಯಪ್ರಕಾಶ ಸಲಾಕೆ ಚುಚ್ಚಿ ನಿಂತ. ಈ ಸಲ ಬಾಯಿ ತಪ್ಪಬಾರದೆಂದು ಅಳೆದು ತೂಗಿ ಹೇಳಿದ: “ಇಲ್ಲೇನೂ ಇಲ್ಲ. ನನಗೇನೂ ಕೇಳಿಸ್ತಿಲ್ಲ. ನನಗೇನೂ ಗೊತ್ತಿಲ್ಲ.”

ಅಂಕಯ್ಯನಿಗೆ ಸಿಟ್ಟು ಬಂತು. ಭಾವ ಬೇಕೆಂದೇ ಮುಚ್ಚಿಡುತ್ತಿದ್ದಾನೆ ಎಂದುಕೊಂಡು, ಹಠಕ್ಕೆ ಬಿದ್ದು, ಅದೇ ಜಾಗದಲ್ಲಿ ಕೊರೆಸಿದ. ಧೂಳು ಬಂತು. ಇನ್ನೂ ಕೊರೆಸಿದ. ಇನ್ನೂ ಧೂಳು ಬಂತು.

ಇನ್ನು ನನ್ನ ಪೀಡೆ ಕಳೆಯಿತು ಎಂದು ಜಯಪ್ರಕಾಶ ಮನೆಯಲ್ಲಿ ಹಗುರವಾಗಿ ಉಸಿರುಬಿಟ್ಟ. ಅಷ್ಟರಲ್ಲಿ ಅಂಕಯ್ಯ ಬಾಗಿಲಲ್ಲಿ ನಿಂತಿದ್ದ, ತಲೆ ತಗ್ಗಿಸಿಕೊಂಡು. ಜಗಲಿಯ ಮೇಲಿನ ಜನಕ್ಕೆಲ್ಲ ಅವನೇ ಹೇಳಿದ: “ತಪ್ಪು ನಂದೇ ಕಣ್ರಪ್ಪ. ಬಾವ ಮೊದ್ಲೇ ಯೋಳಿದ್ರು, ಇಲ್ಲೇನೂ ಇಲ್ಲ ಅಂತ. ಮೂರು ಸಲ ಯೋಳಿದ್ರು. ನಾನೇ ಕೇಳ್ಲಿಲ್ಲ.”

ಜನ ಲೊಚಗುಟ್ಟಿದರು. ಇರುವುದನ್ನು ಇದೆ ಎನ್ನುವವರು ಬೇಕಾದಷ್ಟು ಮಂದಿ. ಇಲ್ಲದ್ದನ್ನು ಇಲ್ಲ ಎಂದು ಹೇಳಿದವನು ಇವನೊಬ್ಬನೇ.

ಹೀಗಿರುವಾಗ ಒಂದು ಮಧ್ಯಾಹ್ನ ಪಂಚಾಯ್ತಿಯ ಅಧಿಕಾರಿ ಶ್ವೇತ ಮೇಡಂ ಜೀಪಿನಲ್ಲಿ ಬಂದರು. ವಯಸ್ಸು ಚಿಕ್ಕದು, ದನಿ ದೊಡ್ಡದು. “ಮಿಸ್ಟರ್ ಜಯಪ್ರಕಾಶ್, ಅನುಮತಿ ಇಲ್ಲದೆ ಯಂತ್ರ ಇಟ್ಕೊಂಡು ಅಂತರ್ಜಲ ಶೋಧನೆ ಮಾಡ್ತಿದೀರಿ ಅಂತ ದೂರು ಬಂದಿದೆ.”

“ನಾನು ಶೋಧನೆ ಮಾಡ್ತಿಲ್ಲ ಮೇಡಂ. ಹಾಡು ಕೇಳ್ತೀನಿ.”

“ಯಾವ ಯಂತ್ರ?”

ಆಂಪ್ಲಿಫೈಯರು ತೋರಿಸಿದ. ಅವರು ಸುತ್ತ ಬಂದು ನೋಡಿದರು. “ಇದ್ರಿಂದ ನೀರು ಸಿಗಲ್ವಾ?”

“ಇಲ್ಲ ಮೇಡಂ. ಇದ್ರ ಮೇಲೆ ನೀರು ಬಿದ್ರೆ ಕೆಟ್ಟೇಹೋಗುತ್ತೆ.”

“ಸರಿ. ಹಾಗಾದ್ರೆ ಯಾರಿಗೂ ತೋರಿಸಕೂಡದು,” ಎಂದು ಗದರಿಸಿ ಹೊರಟವರು, ಜೀಪಿನವರೆಗೆ ಹೋಗಿ, ಡ್ರೈವರು ದೂರ ಇದ್ದಾನೆಂದು ಖಾತ್ರಿ ಮಾಡಿಕೊಂಡು ಹಿಂದಕ್ಕೆ ಬಂದರು. “ಸಾರ್, ಮದ್ದೂರಲ್ಲಿ ನಮ್ಮನೆ ಹಿಂದೆ ಒಂದು ಸೈಟಿದೆ. ಭಾನುವಾರ ಫ್ರೀ ಇದೀರಾ?”

ದೂರು ಕೊಟ್ಟವನು ಯಾರೆಂದು ಊರಿಗೆಲ್ಲ ಗೊತ್ತಿತ್ತು. ಹುಚ್ಚೀರಯ್ಯ. ಮೂರು ಹೋಬಳಿಗೆ ನೀರಿನ ಪಾಯಿಂಟು ತೋರಿಸುತ್ತ ಕೂದಲು ನರೆಸಿಕೊಂಡ ಮುದುಕ. ಅಂಗೈ ಮೇಲೆ ಜುಟ್ಟಿನ ತೆಂಗಿನಕಾಯಿ ಅಡ್ಡ ಮಲಗಿಸಿಕೊಂಡು ಹೊಲ ಸುತ್ತುತ್ತಿದ್ದ. ಕಾಯಿ ತಾನಾಗಿ ಎದ್ದು ನಿಂತ ಕಡೆ ನೀರು. ಆ ತಿಂಗಳು ಅವನನ್ನು ಯಾರೂ ಕರೆದಿರಲಿಲ್ಲ. ದೂರಿನಿಂದ ಏನೂ ಆಗಲಿಲ್ಲವೆಂದು ತಿಳಿದಾಗ ಹುಚ್ಚೀರಯ್ಯ ಪೇಟ ಸುತ್ತಿಕೊಂಡು, ಕಾಯಿ ಹಿಡಿದುಕೊಂಡು ಖುದ್ದಾಗಿ ಬಂದ. ಹಿಂದೆ ಊರೇ ಬಂತು.

“ಎಲ್ಲದೆ ನಿನ್ ಮಿಸೀನು? ನನ್ ಕಾಯಿ ಮುಂದೆ ನಡಸು ನೋಡಾನ!”

ಜಯಪ್ರಕಾಶನಿಗೆ ಮುದುಕನನ್ನು ನೋಡಿ ಸಮಾಧಾನವೇ ಆಯಿತು. ಕೈ ಮುಗಿದ. “ಹುಚ್ಚೀರಯ್ಯನೋರೆ, ನಿಮ್ಮ ಪುಣ್ಯ, ನೀವಾದ್ರೂ ಈ ಜನಕ್ಕೆ ಹೇಳಿ. ನನಗೂ ನೀರಿಗೂ ಸಂಬಂಧ ಇಲ್ಲ. ಬನ್ನಿ, ಕೂತ್ಕೊಳ್ಳಿ, ಒಂದ್ಸಲ ಕೇಳಿ. ಇದು ಬರೀ ಹಾಡು.”

ಹುಚ್ಚೀರಯ್ಯ ಕುರ್ಚಿಯಲ್ಲಿ ಕೂತ. ಬಕೆಟ್ಟಿಗೆ ಕಾಲಿಡಲು ಮಾತ್ರ ಒಪ್ಪಲಿಲ್ಲ. ಕಾಯಿಯನ್ನು ಅಂಗೈ ಮೇಲೆ ಅಡ್ಡ ಮಲಗಿಸಿಕೊಂಡ. ಬಾಗಿಲು, ಕಿಟಕಿ ಎಲ್ಲ ತಲೆಗಳಿಂದ ತುಂಬಿಹೋದವು. ಈ ಸಲ ಜಯಪ್ರಕಾಶ ಕೊಳಲು ಹಾಕಲಿಲ್ಲ. ಮುದುಕನಿಗೆ ಹಿಡಿಸಲೆಂದು ಡೊಳ್ಳಿನ ರೆಕಾರ್ಡು ಹಾಕಿ ವಾಲ್ಯೂಮು ಏರಿಸಿದ.

ಮೊದಲ ಪೆಟ್ಟು ಬಿತ್ತು. ಹಲಗೆಯ ನೆಲ ಅದುರಿತು, ಕುರ್ಚಿ ಅದುರಿತು, ಹುಚ್ಚೀರಯ್ಯನ ಮೊಣಕೈ ಅದುರಿತು. ಅಂಗೈ ಮೇಲಿನ ಕಾಯಿ ಒಮ್ಮೆ ಹೊರಳಿ, ಇನ್ನೊಮ್ಮೆ ಹೊರಳಿ, ಎಲ್ಲರ ಕಣ್ಣೆದುರಿಗೆ ಜುಟ್ಟು ಮೇಲೆ ಮಾಡಿಕೊಂಡು ಸೆಟೆದು ನಿಂತಿತು.

“ಅವ್ವಾ! ಇಲ್ಲೇ ಅವ್ಳೆ!” ಎಂದು ಹುಚ್ಚೀರಯ್ಯ ಚೀರಿದ. “ಗಂಗವ್ವ ಇಲ್ಲೇ ಅವ್ಳೆ! ನನ್ ಜನ್ಮದಲ್ಲಿ ಕಾಯಿ ಇಷ್ಟು ಬಿರುಸಾಗಿ ಎದ್ದಿಲ್ಲ!”

“ಅಲ್ಲ, ಅಲ್ಲ!” ಎಂದು ಜಯಪ್ರಕಾಶ ಓಡಿ ಹೋಗಿ ಸ್ವಿಚ್ಚು ಆರಿಸಿದ. ಡೊಳ್ಳು ನಿಂತಿತು. ಕಾಯಿ ಪಕ್ಕಕ್ಕೆ ಮಲಗಿತು. ಸ್ವಿಚ್ಚು ಹಾಕಿದ. ಕಾಯಿ ಎದ್ದಿತು. ಆರಿಸಿದ. ಮಲಗಿತು. ಸತ್ಯ ಇಷ್ಟು ಸ್ಪಷ್ಟವಾಗಿ ಅವನಿಗೆ ಹಿಂದೆಂದೂ ಒದಗಿ ಬಂದಿರಲಿಲ್ಲ. “ನೋಡಿದ್ರಾ? ಈಗಲಾದ್ರೂ ಅರ್ಥ ಆಯ್ತಾ?” ಎಂದು ಜನರ ಕಡೆ ತಿರುಗಿದ.

ಕಿಟಕಿಯಲ್ಲಿದ್ದ ಪುಟ್ಟರಾಜು ನಿಧಾನವಾಗಿ ಹೇಳಿದ: “ಅರ್ತ ಆಯ್ತು ಬುಡಣ್ಣ. ಸ್ವಿಚ್ಚು ಆಕುದ್ರೆ ನೀರು ಬತ್ತದೆ. ಆರ್ಸುದ್ರೆ ಓಯ್ತದೆ.”

ಕೋಣೆಯಲ್ಲಿ ಗದ್ದಲವೆದ್ದಿತು. ಇಲ್ಲೇ ಕೊರೆಯಬೇಕು ಎಂದರು ಕೆಲವರು. ಬೋರ್ ಲಾರಿ ಒಳಗೆ ಬರಬೇಕಾದರೆ ಯಾವ ಗೋಡೆ ಕೆಡವಬೇಕೆಂದು ಇಬ್ಬರು ಮಾರು ಹಾಕಿ ಅಳೆಯತೊಡಗಿದರು. ಮಿಸೀನನ್ನೇ ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಒಯ್ದರೆ ಒಳ್ಳೆಯದೆಂದು ಆಗಲೇ ಮೂವರು ಆಂಪ್ಲಿಫೈಯರಿಗೆ ಕೈ ಹಾಕಿದರು. ಜಯಪ್ರಕಾಶ ಅದರ ಮೇಲೆ ಅಡ್ಡ ಬಿದ್ದು ತಬ್ಬಿಕೊಂಡ. ಅಷ್ಟರಲ್ಲಿ ಪುಷ್ಪಾ ಒನಕೆ ಹಿಡಿದು ಬಂದಳು.

“ನನ್ ಮನೆ ಒಳಗೆ ಬೋರ್ ಕೊರ್ಸಕ್ಕೆ ಬಂದೋರ ಕಾಲು ಮುರೀತೀನಿ! ಏನ್ ಯಜಮಾನ್ರೇ, ನೀವು ದೊಡ್ಡೋರು, ಯೋಳಕ್ಕಾಗಲ್ವಾ ಇವ್ರಿಗೆ?”

ಹುಚ್ಚೀರಯ್ಯ ಎದ್ದು ನಿಂತ. ಒಮ್ಮೆ ಕಾಯಿ ನೋಡಿದ, ಒಮ್ಮೆ ಸ್ಪೀಕರು ನೋಡಿದ, ಒಮ್ಮೆ ಒನಕೆ ನೋಡಿದ. ಮುದುಕ ಮೂರು ಹೋಬಳಿಯಲ್ಲಿ ಹೆಸರು ಮಾಡಿದ್ದು ಸುಮ್ಮನೆ ಅಲ್ಲ.

“ಸುಮ್ಕಿರ್ರಲಾ! ನೀರು ಇಲ್ಲಿಲ್ಲ. ಮಿಸೀನಲ್ಲೂ ಇಲ್ಲ. ಈ ಪ್ರಕಾಸಂಗೆ ನೀರು ನೋಡಕ್ಕೆ ಬರಕಿಲ್ಲ, ಅವ್ನು ನಿಜಾನೇ ಯೋಳ್ತಾವ್ನೆ. ಮಿಸೀನು ಏನ್ ಮಾಡ್ತದೆ? ಕಾಯಿಗೆ ಸಕ್ತಿ ತುಂಬ್ತದೆ. ನೀವು ಮೊಬೈಲ್ಗೆ ಚಾರ್ಜ್ ಆಕಾಕಿಲ್ವಾ, ಅಂಗೆ. ಇಲ್ಲಿ ತುಂಬುಸ್ಕೋಬೇಕು, ಹೊಲಕ್ಕೋಗಿ ನೋಡ್ಬೇಕು. ನೋಡೋನು ನಾನೇ.”

ಇದು ಎಲ್ಲರಿಗೂ ಒಪ್ಪಿಗೆಯಾಯಿತು. ಇಷ್ಟು ದಿನ ಇದು ತಮಗೇಕೆ ಹೊಳೆಯಲಿಲ್ಲ ಎಂದುಕೊಂಡು ಜನ ಚದುರಿದರು. ಜಯಪ್ರಕಾಶ ಆಂಪ್ಲಿಫೈಯರಿನ ಮೇಲಿಂದ ಎದ್ದು, ತನಗೆ ನ್ಯಾಯ ಸಿಕ್ಕಿತೋ ಇಲ್ಲವೋ ಎಂದು ಹೆಂಡತಿಯ ಮುಖ ನೋಡಿದ. ಪುಷ್ಪಾ ಆಗಲೇ ಒನಕೆಯನ್ನು ಮೂಲೆಗೆ ಒರಗಿಸಿ, ಮುದುಕನಿಗೆ ಮಜ್ಜಿಗೆ ತರಲು ಹೋಗಿದ್ದಳು.

ಅಂದಿನಿಂದ ಪ್ರತಿ ಸೋಮವಾರ ಬೆಳಿಗ್ಗೆ ಹುಚ್ಚೀರಯ್ಯ ಕೇಳುವ ಮನೆಗೆ ಬರುತ್ತಾನೆ. ಜೊತೆಗೆ ಆ ವಾರ ಬೋರು ಕೊರೆಸಲಿರುವವರೂ ಬರುತ್ತಾರೆ. ಸಾಲಾಗಿ ಕೂತು, ಅಂಗೈ ಮೇಲೆ ಒಂದೊಂದು ಕಾಯಿ ಇಟ್ಟುಕೊಂಡು, ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ರೆಕಾರ್ಡು ಮುಗಿಯುವವರೆಗೆ ಕೇಳುತ್ತಾರೆ. ಒಬ್ಬರೂ ಕೆಮ್ಮುವುದಿಲ್ಲ. ಒಬ್ಬರ ಮೊಬೈಲೂ ಬಡಿದುಕೊಳ್ಳುವುದಿಲ್ಲ. ಇಂಥ ಕೇಳುಗರು ದೊಡ್ಡ ದೊಡ್ಡ ಕಛೇರಿಗಳಿಗೂ ಸಿಗುವುದಿಲ್ಲ. ಹೊಲದಲ್ಲಿ ಕೆಲಸ ಮುಗಿದ ಕಾಯಿಗಳನ್ನು ಅವರು ಭಕ್ತಿಯಿಂದ ಮತ್ತೆ ಇಲ್ಲಿಗೇ ತಂದು ಬಿಟ್ಟು ಹೋಗುವುದರಿಂದ, ಪುಷ್ಪಾ ಚಟ್ನಿಗೆ ಕಾಯಿ ಕೊಳ್ಳುವುದನ್ನೇ ನಿಲ್ಲಿಸಿದ್ದಾಳೆ. ಕೇಳುವ ಮನೆಯ ಬಗ್ಗೆ ಅವಳ ಮಾತು ಈಚೆಗೆ ಮೆತ್ತಗಾಗಿದೆ.

ಜಯಪ್ರಕಾಶ ಮೊದಮೊದಲು ಕಾಯಿಯ ಕಡೆ ನೋಡದೆ ಮುಖ ತಿರುಗಿಸಿಕೊಂಡು ಕೂರುತ್ತಿದ್ದ. ಆಮೇಲೆ ಕಣ್ಣಂಚಿನಲ್ಲಿ ನೋಡಿದ. ಒಂದು ಸ್ಪೀಕರಿಗೆ ಕಾಯಿ ಬೇಗ ಏಳುತ್ತಿತ್ತು, ಇನ್ನೊಂದಕ್ಕೆ ತಡವಾಗಿ ಏಳುತ್ತಿತ್ತು. ಅದರಲ್ಲಿ ಏನೋ ಇರಬಹುದು ಅನಿಸತೊಡಗಿತು. ಪ್ರಯೋಗಶೀಲನಾದ ಮನುಷ್ಯ ಕಣ್ಣೆದುರಿನ ಪುರಾವೆಯನ್ನು ತಳ್ಳಿಹಾಕುವುದು ಹೇಗೆ? ಕೊನೆಗೆ ಆ ಭಾರಿ ಆಂಪ್ಲಿಫೈಯರಿನ ವಿಮರ್ಶೆ ಬರೆದಾಗ, ಮುಕ್ತಾಯದಲ್ಲಿ ಒಂದು ಸಾಲು ಸೇರಿಸಿದ: “ತಗ್ಗಿನ ಸ್ವರಗಳಲ್ಲಿ ಇದರ ಹಿಡಿತ ಅಸಾಧಾರಣ, ಕಾಯಿ ತಟ್ಟನೆ ಎದ್ದು, ಕೊನೆಯವರೆಗೂ ನಿಲ್ಲುತ್ತದೆ.”

ಆ ವಿಮರ್ಶೆಯನ್ನು ಯಾರೋ ಮೊಬೈಲಿನಲ್ಲಿ ಊರೂರಿಗೆ ಹಂಚಿದರು. ಕೆಲವು ದಿನಗಳ ಮೇಲೆ ಮಾದಯ್ಯ ಮಂಡ್ಯದಿಂದ ಫೋನು ಮಾಡಿದ. ಅವನ ಹಿಂದೆ ಅಂಗಡಿಯಲ್ಲಿ ಸಂತೆಯಂಥ ಗದ್ದಲ ಕೇಳುತ್ತಿತ್ತು.

“ಸಾರ್, ಏನ್ ಬರ್ದಿದೀರಿ ಸಾರ್ ನೀವು? ಗಿರಾಕಿಗಳು ಬತ್ತಾವ್ರೆ, ಬೇಕಾದಂಗೆ ಬತ್ತಾವ್ರೆ. ಆದ್ರೆ ಎಲ್ಲಾರ ಕೈಯಲ್ಲೂ ಒಂದೊಂದು ತೆಂಗಿನಕಾಯಿ! ಸ್ಪೀಕರ್ ಮುಂದೆ ಇಡ್ಕೊಂಡು ನಿಂತವ್ರೆ. ಕಾಯಿ ಏಳ್ತಾ ಇಲ್ಲ, ಮಾಲು ಸರಿಯಿಲ್ಲ ಅಂತಾವ್ರೆ. ನಾನೇನ್ ಮಾಡ್ಲಿ ಸಾರ್?”

ಜಯಪ್ರಕಾಶ ಹುಬ್ಬು ಗಂಟಿಕ್ಕಿ ಯೋಚಿಸಿದ. ಇದು ಗಂಭೀರವಾದ ದೂರು, ಹಗುರವಾಗಿ ಉತ್ತರಿಸುವಂಥದ್ದಲ್ಲ.

“ಗಾಬರಿ ಆಗ್ಬೇಡಿ ಮಾದಯ್ಯ. ಮೊದ್ಲು ಒಂದು ನೋಡಿ ಹೇಳಿ,” ಎಂದ. “ಕಾಯಿಗೆ ಜುಟ್ಟು ಇದೆಯಾ?”